ಹುಳಿ ಎಲೆಕೋಸಿನ ವಿಜ್ಞಾನ

ವೈಟ್‌ಫೀಲ್ಡಿನ ಕಚೇರಿ, ಕಾರ್ಖಾನೆಗಳನ್ನು ದಾಟಿ ಹೊಸಕೋಟೆ, ಮಾಲೂರುಗಳ ಕಡೆಗೆ ಸಾಗಿದರೆ ತರಕಾರಿಯ ಹೊಲಗಳು ಕಾಣಿಸುತ್ತವೆ. ಎಲೆಕೋಸು ಅಲ್ಲಿಯ ಬೆಳೆಗಳಲ್ಲೊಂದು. ಧಾರಣೆ ಕುಸಿದರೆ ಕೊಯ್ದ ಕೋಸನ್ನು ಬಹುದಿನ ಇಟ್ಟುಕೊಂಡು ಕಾಯುವುದು ರೈತನಿಗೆ ಸಾಧ್ಯವಿಲ್ಲ. 2020ರ ಲಾಕ್‌ಡೌನ್ ದಿನಗಳಲ್ಲಿ ನಮ್ಮ ರಾಜ್ಯದ ಹಲವೆಡೆ ರೈತರು ಬೆಳೆದು ನಿಂತ ಕೋಸನ್ನು ಹೊಲದಲ್ಲಿಯೇ ಉತ್ತುಹಾಕಿದರು.

ಇದೇ ಕೋಸನ್ನು ಹಂಗೆರಿ ದೇಶದ ಜನರು ಚಳಿಗಾಲವೆಲ್ಲ ಕೆಡದಂತೆ ಕಾಪಾಡುವ ಉಪಾಯವನ್ನು ಬಹುಕಾಲದಿಂದ ಬಲ್ಲರು. ಹಂದಿಮಾಂಸ, ಈರುಳ್ಳಿ, ಪಾಪ್ರಿಕ ಎಂಬ ಕೆಂಪು ಮೆಣಸಿನ ಪುಡಿ ಇವುಗಳೊಡನೆ ಹುಳಿ ಎಲೆಕೋಸನ್ನು ಬೇಯಿಸಿ, ಹುಳಿಗೆನೆ ಬೆರೆಸಿ ಮಾಡುವ ಸೇಕೆಯ್‌ಕಾಪೋಸ್ತ ಅವರ ಪ್ರಸಿದ್ಧ ಅಡುಗೆ. ಈ ಕೋಸಿಗೆ ಹುಳಿ ಬರುವುದು ಹುಣಿಸೆಯಿಂದಲ್ಲ, ನಿಂಬೆಯಿಂದಲೂ ಅಲ್ಲ, ಕೋಸಿನಲ್ಲಿರುವ ಸಕ್ಕರೆಯಿಂದಲೇ.

ಸಣ್ಣಗೆ ಹೆಚ್ಚಿದ 1 ಕಿಲೋಗ್ರಾಂ ಕೋಸಿಗೆ ಸುಮಾರು 20ರಿಂದ 25 ಗ್ರಾಂ ಉಪ್ಪು ಬೆರೆಸಿ ಅದುಮಿದರೆ, ಹೊರಗಿನಿಂದ ನೀರು ಹಾಕದೆಯೇ ರಸ ಒಸರುತ್ತದೆ. ಜೀವಕೋಶದ ಪೊರೆಯ ಹೊರಗೆ ಲವಣ ಹೆಚ್ಚಾದಾಗ ಒಳಗಿನ ನೀರು ಹೊರಕ್ಕೆ ಹರಿಯುತ್ತದೆ. ನಾವು ತರಗತಿಯಲ್ಲಿ ಓದುವ ಪರಾಸರಣ ಕ್ರಿಯೆ ಇದೇ. ಕೋಸು ಈ ರಸದಲ್ಲಿ ಮುಳುಗಿರುವಂತೆ ಮೇಲೆ ಭಾರವನ್ನಿಡಬೇಕು. ಗಾಳಿ ತಗಲಿದರೆ ಬೂಷ್ಟು ಹಿಡಿಯುತ್ತದೆ.

ಉಪ್ಪು ಎಲ್ಲ ಸೂಕ್ಷ್ಮಜೀವಿಗಳನ್ನೂ ಕೊಲ್ಲುವುದಿಲ್ಲ. ಕೆಡಿಸುವಂಥವನ್ನು ತಡೆದು, ಹುಳಿಸುವಂಥವಕ್ಕೆ ದಾರಿ ಬಿಡುತ್ತದೆ. ಮೊದಲು ವೃದ್ಧಿಯಾಗುವುದು ಲ್ಯೂಕೋನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯ. ನಮ್ಮ ಇಡ್ಲಿಯ ಹಿಟ್ಟನ್ನು ಹುದುಗಿಸುವುದರಲ್ಲಿಯೂ ಇದಕ್ಕೆ ಮುಖ್ಯ ಪಾತ್ರವುಂಟು! ಇದು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಜೊತೆಗೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಪಾತ್ರೆಯೊಳಗಿನ ಗಾಳಿಯನ್ನು ಹೊರದೂಡುತ್ತದೆ. ಆಮ್ಲ ಹೆಚ್ಚಿದಂತೆ ಇದು ಹಿಂದೆ ಸರಿದು, ಆಮ್ಲವನ್ನು ಇನ್ನೂ ಚೆನ್ನಾಗಿ ತಾಳಬಲ್ಲ ಬ್ಯಾಕ್ಟೀರಿಯಗಳು ಕೆಲಸವನ್ನು ಮುಂದುವರಿಸುತ್ತವೆ. ಸುಮಾರು 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಮೂರು ನಾಲ್ಕು ವಾರಗಳೊಳಗೆ ಪಿಎಚ್ ಮೌಲ್ಯ 3.5ರ ಆಸುಪಾಸಿಗೆ ಇಳಿಯುತ್ತದೆ. ಪಿಎಚ್ 4.6ಕ್ಕಿಂತ ಕೆಳಗೆ ಬಾಟ್ಯುಲಿಸಮ್ ಎಂಬ ಘೋರ ವಿಷಬಾಧೆಯನ್ನು ತರುವ ಜೀವಿ ಬೆಳೆಯಲಾರದು.

ಒಲೆಯ ಮೇಲೂ ಈ ಆಮ್ಲ ಉಪಯೋಗಕ್ಕೆ ಬರುತ್ತದೆ. ಮಾಂಸದ ಗಟ್ಟಿ ನಾರು ಮೆದುವಾಗಲು ದೀರ್ಘಕಾಲ ಬೇಯಿಸಬೇಕು. ಅಷ್ಟು ಹೊತ್ತು ಕುದಿದರೆ ಹಸಿ ಕೋಸು ಕರಗಿ ಮುದ್ದೆಯಾಗುತ್ತದೆ. ಆದರೆ ಸಸ್ಯಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಆಮ್ಲದಲ್ಲಿ ಸುಲಭವಾಗಿ ಒಡೆಯದು. ಆದ್ದರಿಂದ ಹುಳಿ ಕೋಸು ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ.

ಇಷ್ಟಕ್ಕೆ ಬೇಕಾದುದು ಉಪ್ಪು, ತಕ್ಕಡಿ, ಶುಚಿಯಾದ ಪಾತ್ರೆ. ಬೆಂಗಳೂರಿನ ಚಳಿಗಾಲದ ಹವೆಯೂ ಇದಕ್ಕೆ ಅನುಕೂಲ. ಕೊಂಡು ತಿನ್ನುವವರು ಇಲ್ಲದಿದ್ದರೆ ಈ ಉಪಾಯದಿಂದ ರೈತನಿಗೆ ಲಾಭವಿಲ್ಲ, ನಿಜ. ಆದರೆ ಉಪ್ಪಿನಕಾಯಿಯನ್ನೂ ಹುಳಿಬಂದ ಹಿಟ್ಟಿನ ದೋಸೆಯನ್ನೂ ಮೆಚ್ಚಿದ ನಮ್ಮ ನಾಲಗೆಗೆ ಈ ರುಚಿ ಅಪರಿಚಿತವೇನಲ್ಲ. ಕೆಲವು ದಿನಗಳಲ್ಲಿ ಹಾಳಾಗುವ ಬೆಳೆ ಕೆಲವು ತಿಂಗಳು ಉಳಿದರೆ, ಮಾರುವ ಹೊತ್ತನ್ನು ಆರಿಸಿಕೊಳ್ಳುವ ಅವಕಾಶವಾದರೂ ಬೆಳೆದವನಿಗೆ ದೊರೆಯುತ್ತದೆ.