ರಸ್ತೆಯ ಕೆಳಗೊಂದು ಗದ್ದೆ

ಮಾರ್ಚ್ ತಿಂಗಳ ಕೊನೆಯ ವಾರ. ಅಮೆರಿಕದ ಮಿನೆಸೋಟ ರಾಜ್ಯದ ಮಾಂಟಿಸೆಲೊ ಊರಿನಿಂದ ಹೊರಬಿದ್ದು ಹೊಲಗಳ ಕಡೆ ನಡೆಯುತ್ತಿದ್ದೇನೆ. ಬಿಸಿಲು ಚೆನ್ನಾಗಿದೆ. ಚರಂಡಿಯ ನೆರಳಿನಲ್ಲಿ ಮಾತ್ರ ಮಾಸಿದ ಹಿಮದ ಗುಪ್ಪೆಗಳು ಉಳಿದಿವೆ. ಡಾಂಬರು ಒಣಗಿ ಬೆಳ್ಳಗಾಗಿದೆ. ನೋಡಿದವರು ಯಾರಾದರೂ ರಸ್ತೆ ಗಟ್ಟಿಮುಟ್ಟಾಗಿದೆ ಎಂದೇ ಹೇಳಬೇಕು.

ಆದರೆ ಕೌಂಟಿ ರಸ್ತೆ ಶುರುವಾಗುವಲ್ಲೇ ಒಂದು ಬಿಳಿ ಫಲಕ: ಆಕ್ಸಲ್ ಒಂದಕ್ಕೆ 7 ಟನ್. ಫಲಕದ ನಡುವೆ ಕೀಲು ಇದೆ. ವರ್ಷದ ಉಳಿದ ದಿನಗಳಲ್ಲಿ ಮಡಚಿಟ್ಟಿದ್ದು, ನೆಲ ಕರಗುವ ಈ ಕೆಲವು ವಾರ ಮಾತ್ರ ಬಿಚ್ಚುತ್ತಾರೆ. ಇಲ್ಲಿನ ಟನ್ ಎಂದರೆ 2,000 ಪೌಂಡ್, ನಮ್ಮ ಲೆಕ್ಕದಲ್ಲಿ 907 ಕಿಲೊ.

ಬೆನ್ನ ಹಿಂದೆ ಐ-94 ಹೆದ್ದಾರಿಯ ಮೊರೆತ ಇನ್ನೂ ಕೇಳುತ್ತಿದೆ. ಅಲ್ಲಿ 80,000 ಪೌಂಡಿನ, ಅಂದರೆ 36 ಸಾವಿರ ಕಿಲೊ ತೂಕದ ಟ್ರಕ್ಕುಗಳು ಎಂದಿನಂತೆ ಓಡುತ್ತಿವೆ. ಅವುಗಳಿಗೆ ತಡೆಯಿಲ್ಲ. ಆಕಾಶ ಒಂದೇ, ಚಳಿ ಒಂದೇ. ವ್ಯತ್ಯಾಸ ಇರುವುದು ರಸ್ತೆಯ ದಪ್ಪದಲ್ಲಿ. ಹೆದ್ದಾರಿಯ ಕೆಳಗೆ ಹಣ ಸುರಿದು ಹಾಸಿದ ದಪ್ಪ ಅಡಿಪಾಯ ಇದೆ. ನಾನು ನಿಂತಿರುವ ರಸ್ತೆಗೆ ಆ ಭಾಗ್ಯ ಇಲ್ಲ.

ಮಲೆನಾಡಿನ ನನಗೆ ಲಾರಿ ನಿರ್ಬಂಧ ಹೊಸದಲ್ಲ. ಮಳೆಗಾಲ ಬಂತೆಂದರೆ ಕೊಡಗಿನ ಜಿಲ್ಲಾಡಳಿತ ಮರಳಿನ ಲಾರಿ, ಮರದ ದಿಮ್ಮಿಯ ಲಾರಿಗಳನ್ನು ತಡೆಯುತ್ತದೆ. ಅಲ್ಲಿ ನೀರು ಮೇಲಿನಿಂದ ಸುರಿಯುತ್ತದೆ, ಎಲ್ಲರ ಕಣ್ಣಿಗೂ ಕಾಣುತ್ತದೆ. ಇಲ್ಲಿ ಅದು ಬರುವುದು ಕೆಳಗಿನಿಂದ, ಅದೂ ಚಳಿಗಾಲವಿಡೀ ಸದ್ದಿಲ್ಲದೆ.

ಹಿಮ ಬಿದ್ದಾಗಲೆಲ್ಲ ರಸ್ತೆಯನ್ನು ಗುಡಿಸುತ್ತಾರಲ್ಲ, ಅದರಿಂದ ರಸ್ತೆಗೆ ಹೊದಿಕೆ ಇಲ್ಲದಂತಾಗುತ್ತದೆ. ಪಕ್ಕದ ಹೊಲ ಹಿಮ ಹೊದ್ದು ಬೆಚ್ಚಗಿದ್ದರೆ ರಸ್ತೆಯ ಕೆಳಗೆ ನೆಲ ನಾಲ್ಕೈದು ಅಡಿ ಆಳಕ್ಕೆ ಕಲ್ಲಾಗುತ್ತದೆ. ನೀರು ಹೆಪ್ಪುಗಟ್ಟಿದಾಗ ಹಿಗ್ಗುವುದರಿಂದ ನೆಲ ಉಬ್ಬುತ್ತದೆ ಎಂದೇ ನಾನೂ ಓದಿಕೊಂಡಿದ್ದೆ. ಅಷ್ಟೇ ಅಲ್ಲ ಎಂದು ತೋರಿಸಿದವರು ಸೌತ್ ಕೆರೊಲಿನಾದ ಭೂವಿಜ್ಞಾನಿ ಸ್ಟೀಫನ್ ಟೇಬರ್. 1930ರ ಸುಮಾರಿಗೆ ಅವರು ಮಣ್ಣಿಗೆ ನೀರಿನ ಬದಲು ಬೆಂಜೀನ್ ತುಂಬಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪಾದಾಗ ಕುಗ್ಗುವ ದ್ರವ. ಆದರೂ ಮಣ್ಣು ಉಬ್ಬಿತು! ಹೆಪ್ಪುಗಟ್ಟುತ್ತಿರುವ ಪದರವು ಕೆಳಗಿನ ತೇವವನ್ನು ದೀಪದ ಬತ್ತಿ ಎಣ್ಣೆ ಹೀರುವಂತೆ ಮೇಲಕ್ಕೆ ಹೀರುತ್ತಲೇ ಇರುತ್ತದೆ. ಹೀಗೆ ಬಂದ ನೀರು ಮಣ್ಣಿನ ನಡುವೆ ತೆಳು ತೆಳು ಐಸಿನ ಹಲಗೆಗಳಾಗಿ ಕೂರುತ್ತದೆ. ಮಾರ್ಚ್ ಬರುವಷ್ಟರಲ್ಲಿ ರಸ್ತೆಯ ಹೊಟ್ಟೆಯಲ್ಲಿ ಶರತ್ಕಾಲದಲ್ಲಿ ಇದ್ದುದಕ್ಕಿಂತ ಎಷ್ಟೋ ಹೆಚ್ಚು ನೀರು.

ಅಪಾಯ ಇರುವುದು ಕರಗುವ ಕ್ರಮದಲ್ಲಿ. ಬಿಸಿಲು ತಾಗುವುದು ಮೇಲೆ. ಹಾಗಾಗಿ ಕರಗುವುದೂ ಮೇಲಿನಿಂದ ಕೆಳಕ್ಕೆ. ಒಂದಡಿ ಕರಗಿದೆ, ಅದರಡಿಯ ಮೂರಡಿ ಇನ್ನೂ ಐಸು. ಮೇಲಿನ ನೀರಿಗೆ ಇಳಿದುಹೋಗಲು ದಾರಿಯೇ ಇಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ನಮ್ಮ ಭತ್ತದ ಗದ್ದೆಗಿಂತ ಬೇರೆ ಬೇಕಾಗಲಿಲ್ಲ. ತಳದಲ್ಲೊಂದು ಗಟ್ಟಿ ಪದರ ಕೂತಿರುವುದರಿಂದಲೇ ಗದ್ದೆಯಲ್ಲಿ ನೀರು ನಿಲ್ಲುವುದು. ಕರಗುವ ರಸ್ತೆ ಎಂದರೆ ಐಸಿನ ತಳವಿರುವ ಗದ್ದೆ, ಮೇಲೊಂದು ಡಾಂಬರಿನ ಮುಚ್ಚಳ. ಆ ಗದ್ದೆಯ ಮೇಲೆ ಲಾರಿ ಹೋಗಬೇಕು.

ಒಂದು ಮೈಲಿ ನಡೆದು ಎಡಕ್ಕೆ ತಿರುಗಿದರೆ ಟೌನ್‌ಶಿಪ್ಪಿನ, ಅಂದರೆ ಹಳ್ಳಿಯ ಆಡಳಿತದ, ಜಲ್ಲಿ ರಸ್ತೆ. ಇಲ್ಲಿ ಫಲಕವೂ ಇಲ್ಲ. ಈ ಋತುವಿನಲ್ಲಿ ಡಾಂಬರಿಲ್ಲದ ರಸ್ತೆಗೆ, ಬೇರೆ ಹೇಳದಿದ್ದರೆ, ಆಕ್ಸಲ್ಲಿಗೆ 5 ಟನ್ ಎಂದು ಕಾನೂನೇ ಹೇಳಿಬಿಟ್ಟಿದೆ. ಬೂಟಿನ ಹಿಮ್ಮಡಿ ಊರಿ ಮೈಭಾರ ಬಿಟ್ಟೆ. ಸುತ್ತಲಿನ ಮಣ್ಣು ಗಟ್ಟಿ ಮೊಸರಿನ ಹಾಗೆ ಅದುರಿತು. ಕಾಲು ತೆಗೆದಾಗ ಗುಳಿಯಲ್ಲಿ ನೀರು ತುಂಬಿಕೊಂಡಿತು.

5 ಟನ್, 7 ಟನ್ ಎಂಬ ಇಂಥ ಮಿತಿಗಳಿಂದ ಏನು ಲಾಭ ಎಂದು ತಿಳಿಯಲು ದೊಡ್ಡ ಪರೀಕ್ಷೆಯೊಂದರ ಕಥೆ ನೆರವಾಗುತ್ತದೆ. ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಹತ್ತಿರ 1958ರಿಂದ 1960ರವರೆಗೆ ಸೈನಿಕರು ಹಗಲಿರುಳು ಟ್ರಕ್ ಓಡಿಸಿ, 11 ಲಕ್ಷಕ್ಕೂ ಹೆಚ್ಚು ಆಕ್ಸಲ್ ಭಾರಗಳನ್ನು ಪರೀಕ್ಷಾ ರಸ್ತೆಗಳ ಮೇಲೆ ಹಾಯಿಸಿದರು. ಅಲ್ಲಿಂದ ಹೊರಬಂದ ಲೆಕ್ಕ ಇದು: ರಸ್ತೆಗಾಗುವ ಹಾನಿ ಸುಮಾರಾಗಿ ಭಾರದ ನಾಲ್ಕನೇ ಘಾತದಂತೆ ಏರುತ್ತದೆ. ಆಕ್ಸಲ್ಲಿನ ಭಾರ 10 ಟನ್ನಿನಿಂದ 5ಕ್ಕೆ ಇಳಿದರೆ ಹಾನಿ ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಪಾಲಾಗುತ್ತದೆ. ಲಾರಿಯ ಸ್ವಂತ ತೂಕವೂ ಸೇರುವುದರಿಂದ ಸರಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಒಂದರ ಬದಲು ಮೂರು ಸಲ ಓಡಬೇಕು ಎನ್ನಿ. ಆಗಲೂ ಹದಿನಾರರಲ್ಲಿ ಮೂರು ಪಾಲು ಮಾತ್ರ.

ಡೀಸೆಲ್ ಖರ್ಚು, ಚಾಲಕನ ಸಮಯ, ತಡವಾಗುವ ಕೆಲಸ ಎಲ್ಲ ನಿಜವೇ. ಲಾರಿ ಮಾಲೀಕರ ಗೊಣಗಾಟ ನನಗೆ ಅರ್ಥವಾಗುತ್ತದೆ. ಆದರೂ ನಾನು ಫಲಕದ ಪಕ್ಷ. ಮಿನೆಸೋಟದಲ್ಲಿ ಸುಮಾರು 1,780 ಟೌನ್‌ಶಿಪ್ಪುಗಳಿವೆ. ಎಷ್ಟೋ ಕಡೆ ಬೆರಳೆಣಿಕೆಯ ಮನೆಗಳು ಉದ್ದುದ್ದ ರಸ್ತೆಗಳನ್ನು ಸಾಕುತ್ತವೆ. ಒಂದು ವಾರದ ಅವಸರದಲ್ಲಿ ಕಿತ್ತುಹೋದ ರಸ್ತೆಗೆ ತೆರಿಗೆ ಕಟ್ಟಬೇಕಾದವರು ಅದರ ಅಂಚಿನಲ್ಲೇ ಇರುವ ಆ ನಾಲ್ಕು ಮನೆಯವರು.

ಫಲಕ ಬಿಚ್ಚುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತು ಮಾಡುವುದಿಲ್ಲ. ರಾಜ್ಯ ಸಾರಿಗೆ ಇಲಾಖೆ ದಿನದಿನದ ತಾಪವನ್ನು ಕೂಡಿಸುತ್ತ ‘ಕರಗುವಿಕೆಯ ಸೂಚ್ಯಂಕ’ ಲೆಕ್ಕ ಹಾಕುತ್ತದೆ. ಗಾಳಿ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೂ ಕಪ್ಪು ಡಾಂಬರು ಬಿಸಿಲುಂಡು ಕರಗಿಸತೊಡಗುತ್ತದೆ ಎಂಬುದನ್ನೂ ಆ ಲೆಕ್ಕದಲ್ಲಿ ಹಿಡಿದಿದ್ದಾರೆ. ಸೂಚ್ಯಂಕ 25 ಡಿಗ್ರಿ-ದಿನ (ಫ್ಯಾರನ್‌ಹೀಟ್) ದಾಟುವ ಮುನ್ಸೂಚನೆ ಸಿಕ್ಕಾಗ ಮೂರು ದಿನ ಮೊದಲು ಪ್ರಕಟಣೆ. ಆಮೇಲೆ ಹೆಚ್ಚೆಂದರೆ ಎಂಟು ವಾರ.

ಈ ಲೆಕ್ಕಕ್ಕೆ ಆಧಾರ ಒದಗಿಸಿದ ಜಾಗ ನಾನು ನಡೆಯುತ್ತಿರುವ ಈ ಸೀಮೆಯಲ್ಲೇ ಇದೆ. ಹೆದ್ದಾರಿಗೆ ತಗುಲಿಕೊಂಡಂತಿರುವ ‘ಮಿನ್‌ರೋಡ್’ ಪರೀಕ್ಷಾ ಕೇಂದ್ರ ಶುರುವಾದದ್ದು 1994ರಲ್ಲಿ. ನೆಲದೊಳಗೆ ಸಾವಿರಾರು ಸಂವೇದಕಗಳನ್ನು ಹೂತಿದ್ದಾರೆ. ಅಲ್ಲಿ ಎರಡೂವರೆ ಮೈಲಿಯ ಒಂದು ಸುತ್ತು ರಸ್ತೆ ಇದೆ. ಅದರ ಒಳಪಥದಲ್ಲಿ 80,000 ಪೌಂಡಿನ ಟ್ರಕ್ ಸುತ್ತು ಹೊಡೆಯುತ್ತದೆ. ಹೊರಪಥವನ್ನು ಬರೀ ಬಿಸಿಲು, ಹಿಮ, ಮಳೆಗೆ ಬಿಟ್ಟಿದ್ದಾರೆ. ಭಾರದ ತಪ್ಪೆಷ್ಟು, ಹವೆಯ ತಪ್ಪೆಷ್ಟು ಎಂದು ಬೇರ್ಪಡಿಸಲು ಇಷ್ಟು ನೇರವಾದ ಉಪಾಯ ಇನ್ನೊಂದನ್ನು ನಾನು ಕಾಣೆ.

ಮತ್ತೆ ಡಾಂಬರು ರಸ್ತೆಗೆ ಬಂದೆ. ಮೂಲೆಯ ನಿವೇಶನದಲ್ಲಿ ಮನೆಯ ಅಡಿಪಾಯಕ್ಕೆ ತೋಡಿದ ಗುಂಡಿ ಹಾಗೇ ಇದೆ. ಕಾಂಕ್ರೀಟ್ ಲಾರಿ ಬರಲು ಇನ್ನೂ ಹಲವು ವಾರ ಕಾಯಬೇಕಾದೀತು. ಹಸುವಿನ ಕೆಚ್ಚಲಿಗೆ ಮಾತ್ರ ಕಾಯಲು ಬಾರದು. ಅದಕ್ಕೇ ಹಾಲಿನ ಟ್ಯಾಂಕರಿಗೆ ಕಾನೂನು ಅಷ್ಟಿಷ್ಟು ಸಡಿಲ ಕೊಟ್ಟಿದೆ, ಒಂದೇ ಕೊಟ್ಟಿಗೆಯ ಹಾಲು ತುಂಬಿರಬೇಕು ಎಂಬ ಷರತ್ತಿನ ಮೇಲೆ.

ಅಂಥದೊಂದು ಟ್ಯಾಂಕರ್ ಎದುರಿನಿಂದ ಬಂತು. ಅಂಚು ಹೆಚ್ಚು ಮೆತ್ತಗೆ ಎಂದು ತಿಳಿದವನ ಹಾಗೆ ಚಾಲಕ ರಸ್ತೆಯ ನಡುವಿಗೇ ಹಿಡಿದು ನಿಧಾನವಾಗಿ ಹೋದ. ಅದು ದಾಟಿದ ಮೇಲೆ ಬಗ್ಗಿ ನೋಡಿದೆ. ಈಗಷ್ಟೇ ಒಣಗಿ ಬೆಳ್ಳಗಿದ್ದ ಡಾಂಬರಿನ ಮೇಲೆ, ಚಕ್ರ ಹೋದ ಗೆರೆಯಲ್ಲಿ, ಪ್ರತಿ ಬಿರುಕಿನ ಬಾಯಲ್ಲೂ ಬೂದುಬಣ್ಣದ ನೀರು ಒಸರಿ ನಿಂತಿತ್ತು.