ಬಣವೆಯಿಂದ ಮನೆಗೆ ಎಷ್ಟು ದೂರ?

ಕಾಡ್ಗಿಚ್ಚು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಲೆನಾಡಿನ ಬೆಟ್ಟಗಳು, ಇಲ್ಲವೆ 2019ರ ಫೆಬ್ರವರಿಯಲ್ಲಿ ಸಾವಿರಾರು ಹೆಕ್ಟೇರು ಸುಟ್ಟುಹೋದ ಬಂಡೀಪುರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಅಂತಹ ದಟ್ಟವಾದ ಅರಣ್ಯವಿಲ್ಲ. ಆದರೆ ಬೆಂಕಿಗೆ ಬೇಕಾದುದು ಅರಣ್ಯವೆಂಬ ಹೆಸರಲ್ಲ. ಒಣಗಿದ ಇಂಧನ, ಗಾಳಿ, ಒಂದು ಕಿಡಿ, ಇವಿಷ್ಟೇ. ಆನೆಗೊಂದಿಯ ಸುತ್ತಣ ಬಂಡೆಗುಡ್ಡಗಳ ನಡುವೆ ಬೇಸಗೆಯಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಗಳಲ್ಲಿ ಕೊಯ್ಲಿನ ಅನಂತರ ಕೂಳೆಯೂ ಹುಲ್ಲೂ ಉಳಿಯುತ್ತವೆ. ಕುಷ್ಟಗಿ, ಯಲಬುರ್ಗಾಗಳ ಬೆದ್ದಲು ಹಳ್ಳಿಗಳಲ್ಲಿ ಜೋಳದ ಕಣಿಕೆಯ ಬಣವೆಗಳು ಮನೆಯ ಹಿತ್ತಲಿನಲ್ಲಿಯೇ ಏಳುತ್ತವೆ. ಹೊಲದ ಬೆಂಕಿ ಊರನ್ನು ಹೊಗುವ ಬಾಗಿಲು ಈ ಬಣವೆಯೇ.

ಬಣವೆ ಸುಟ್ಟರೆ ಹೋಗುವುದು ಹುಲ್ಲು ಮಾತ್ರವಲ್ಲ. ಮುಂದಿನ ಮಳೆಗಾಲದವರೆಗೆ ಎತ್ತುಗಳು ತಿನ್ನಬೇಕಾದ ಮೇವು ಅದು. ಮೇವು ಹೋದರೆ ಎತ್ತುಗಳನ್ನು ಮಾರಬೇಕು. ಎತ್ತುಗಳು ಹೋದರೆ ಬಿತ್ತನೆಯ ಕಾಲಕ್ಕೆ ಬೇರೊಬ್ಬರ ಬಾಗಿಲಿಗೆ ಹೋಗಬೇಕು. ಆದುದರಿಂದ ಬಣವೆಯನ್ನು ಎಲ್ಲಿ ಒಟ್ಟಬೇಕೆಂಬುದು ಚಿಕ್ಕ ಪ್ರಶ್ನೆಯಲ್ಲ. ಇದಕ್ಕೆ ಭೌತವಿಜ್ಞಾನವು ಸಾಕಷ್ಟು ಸ್ಪಷ್ಟವಾದ ಉತ್ತರವನ್ನು ಕೊಡಬಲ್ಲದು.

ಉರಿಯುವ ವಸ್ತುವಿನಿಂದ ಮನೆಗೆ ಬೆಂಕಿ ಎರಡು ದಾರಿಗಳಲ್ಲಿ ಬರುತ್ತದೆ. ಮೊದಲನೆಯದು ಶಾಖದ ವಿಕಿರಣ. ಒಲೆಯ ಮುಂದೆ ಕುಳಿತವರ ಮುಖಕ್ಕೆ ತಾಗುವ ಕಾವು ಇದೇ. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1 ಕಿಲೊವ್ಯಾಟ್ ಶಾಖವನ್ನು ಸುರಿಯುತ್ತದೆ. ಇದರ ಹನ್ನೆರಡು ಹದಿಮೂರು ಪಟ್ಟು ಶಾಖ ಕೆಲವು ನಿಮಿಷ ಒಂದೇ ಸಮನೆ ಬಿದ್ದು, ಹತ್ತಿರದಲ್ಲಿ ಒಂದು ಕಿಡಿಯೂ ಇದ್ದರೆ, ಒಣಗಿದ ಮರ ಹೊತ್ತಿಕೊಳ್ಳುತ್ತದೆ.

ಈಗ ಒಂದು ಲೆಕ್ಕವನ್ನು ಮಾಡೋಣ. ಬಣವೆಯಿಂದೆದ್ದ ಜ್ವಾಲೆ 5 ಮೀಟರು ಅಗಲ, 6 ಮೀಟರು ಎತ್ತರವಿದೆಯೆಂದೂ, ಅದರ ಪ್ರತಿಯೊಂದು ಚದರ ಮೀಟರು 60 ಕಿಲೊವ್ಯಾಟ್ ಶಾಖವನ್ನು ಚೆಲ್ಲುತ್ತಿದೆಯೆಂದೂ ಇಟ್ಟುಕೊಳ್ಳೋಣ. ಮೂರು ಮೀಟರು ದೂರದ ಗೋಡೆಯ ಮೇಲೆ ಚದರ ಮೀಟರಿಗೆ 30 ಕಿಲೊವ್ಯಾಟ್ ಬೀಳುತ್ತದೆ. ಅಲ್ಲಿರುವ ಮರದ ಬಾಗಿಲು ಉಳಿಯದು. ಆರು ಮೀಟರಿನಲ್ಲಿ ಅದು 12ಕ್ಕೆ ಇಳಿಯುತ್ತದೆ. ಅಪಾಯದ ಅಂಚು ಇದು. ಹತ್ತು ಮೀಟರಿನಲ್ಲಿ 5, ಇಪ್ಪತ್ತು ಮೀಟರಿನಲ್ಲಿ ಒಂದೂವರೆಗಿಂತ ಕಡಿಮೆ. ಮೂರರಿಂದ ಹತ್ತು ಮೀಟರಿಗೆ ಸರಿದೊಡನೆ ಶಾಖವು ಆರನೆಯ ಒಂದು ಪಾಲಾಯಿತು! ಏಳು ಮೀಟರು ಖಾಲಿ ನೆಲಕ್ಕೆ ಇಷ್ಟು ಬೆಲೆಯುಂಟು. ಆದರೆ ಎರಡು ಬಣವೆಗಳು ಒತ್ತಿನಲ್ಲಿದ್ದು ಒಟ್ಟಿಗೆ ಹೊತ್ತಿದರೆ ಲೆಕ್ಕ ಕೆಡುತ್ತದೆ. ಆದುದರಿಂದ ಬಣವೆಗಳ ನಡುವೆಯೂ ಅಂತರ ಅವಶ್ಯ.

ಇದು ಕಾಗದದ ಮೇಲಣ ಲೆಕ್ಕ ಮಾತ್ರವೆ? ಅಲ್ಲ. 1997ರಿಂದ 2000ದವರೆಗೆ ಕೆನಡಾದ ವಾಯವ್ಯ ಪ್ರಾಂತ್ಯದಲ್ಲಿ ವಿಜ್ಞಾನಿಗಳು ಕಾಡಿನ ತುಂಡುಗಳಿಗೆ ಉದ್ದೇಶಪೂರ್ವಕವಾಗಿ ಬೆಂಕಿಯಿಟ್ಟು ಪರೀಕ್ಷಿಸಿದರು. ಅಮೆರಿಕದ ಅರಣ್ಯ ಸೇವೆಯ ಜ್ಯಾಕ್ ಕೊಹೆನ್ ಅವರು ಕಾಡಿನ ಅಂಚಿನಿಂದ ಬೇರೆ ಬೇರೆ ದೂರಗಳಲ್ಲಿ ಮರದ ಗೋಡೆಗಳನ್ನು ನಿಲ್ಲಿಸಿದ್ದರು. ಹತ್ತು ಮೀಟರಿನಲ್ಲಿದ್ದ ಗೋಡೆಗಳಲ್ಲಿ ಕೆಲವು ಹೊತ್ತಿಕೊಂಡವು. ಮೂವತ್ತು ಮೀಟರಿನಲ್ಲಿದ್ದವು ಹೊತ್ತಿಕೊಳ್ಳಲಿಲ್ಲ. ಕಾಡಿನ ಜ್ವಾಲೆ ಬಣವೆಯ ಜ್ವಾಲೆಗಿಂತ ಬಹು ದೊಡ್ಡದು. ಅಂತಹ ಜ್ವಾಲೆಯ ವಿಕಿರಣಕ್ಕೂ ಕೆಲವೇ ಹತ್ತು ಮೀಟರುಗಳ ಮಿತಿಯುಂಟು.

ಎರಡನೆಯ ದಾರಿ ಕಿಡಿಯದು. ಇದಕ್ಕೆ ದೂರದ ಮಿತಿ ಸುಲಭವಾಗಿ ಸಿಕ್ಕುವುದಿಲ್ಲ. ಬಿಸಿಗಾಳಿ ಮೇಲೇರುವಾಗ ಉರಿಯುವ ಹುಲ್ಲಿನೆಳೆಗಳನ್ನೂ ಒಯ್ಯುತ್ತದೆ. ಗಾಳಿ ಅವನ್ನು ನಾಲ್ಕಾರು ಮನೆಗಳಾಚೆ ಎರಚುತ್ತದೆ. ಇಲ್ಲಿ ಮುಖ್ಯವಾದುದು ಕಿಡಿ ಯಾವುದರ ಮೇಲೆ ಬೀಳುತ್ತದೆಂಬುದು. ದಪ್ಪನಾದ ತೊಲೆಯ ಮೇಲೆ ಬಿದ್ದ ಕಿಡಿಯ ಶಾಖ ಒಳಕ್ಕೆ ಹಂಚಿಹೋಗಿ ಕಿಡಿಯೇ ನಂದುವುದುಂಟು. ಹುಲ್ಲಿನೆಳೆ ತೆಳುವಾದುದು, ಕಾವನ್ನು ಹಂಚಿಕೊಳ್ಳಲು ಅದಕ್ಕೆ ಮೈಯಿಲ್ಲ. ಅದರ ತೇವವನ್ನು ಚೈತ್ರ ವೈಶಾಖಗಳ ಬಿಸಿಲು ಆಗಲೇ ಹೀರಿರುತ್ತದೆ. ಹೀಗಾಗಿ ಅದು ಕ್ಷಣಮಾತ್ರದಲ್ಲಿ ಹೊತ್ತುತ್ತದೆ.

ನಮ್ಮ ಹಿರಿಯರ ಮಾಳಿಗೆ ಮನೆ ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ತೊಲೆ, ಜಂತೆಗಳ ಮೇಲೆ ಮಣ್ಣಿನ ದಪ್ಪ ಹೊದಿಕೆ. ಬಿದ್ದ ಕಿಡಿ ಬಿದ್ದಲ್ಲಿಯೇ ಬೂದಿ. ಅದೇ ಮನೆಯ ಮುಂದೆ ಗರಿಯ ಚಪ್ಪರವನ್ನೋ ಪ್ಲಾಸ್ಟಿಕ್ ತಾಡಪಾಲನ್ನೋ ಹೊದಿಸಿದರೆ ಮಾಳಿಗೆಯ ಗುಣ ವ್ಯರ್ಥವಾಗುತ್ತದೆ. ತಗಡಿನ ಚಾವಣಿ ಹೊತ್ತದು. ಆದರೆ ಗೋಡೆಗೂ ತಗಡಿಗೂ ನಡುವಣ ಸಂದಿಯಲ್ಲಿ ಕಿಡಿ ನುಸುಳಬಹುದು. ಕ್ಯಾಲಿಫೋರ್ನಿಯದಲ್ಲಿ 2008ರಿಂದ ಜಾರಿಗೆ ಬಂದ ಕಟ್ಟಡ ನಿಯಮಗಳು, ಕಾಡ್ಗಿಚ್ಚಿನ ಭಯವಿರುವಲ್ಲಿ ಕಟ್ಟುವ ಹೊಸ ಮನೆಗಳ ಗಾಳಿಕಿಂಡಿಗಳಿಗೆ ಕಿಡಿ ಹೊಗದಂತೆ ಸಣ್ಣ ಕಣ್ಣಿನ ಲೋಹದ ಜಾಲರಿಯನ್ನು ವಿಧಿಸಿದವು. ಆಸ್ಟ್ರೇಲಿಯದ ಮಾನಕವು ಮನೆಯ ಮೇಲೆ ಬೀಳಬಹುದಾದ ಶಾಖವನ್ನು ಕಿಲೊವ್ಯಾಟುಗಳಲ್ಲಿ ಲೆಕ್ಕ ಹಾಕಿ, ಅದಕ್ಕೆ ತಕ್ಕ ಸಾಮಗ್ರಿಗಳನ್ನು ಗೊತ್ತುಮಾಡುತ್ತದೆ.

ನಮ್ಮಲ್ಲಿ ಕಾನೂನಿನ ಚೌಕಟ್ಟು ಇಲ್ಲವೆಂದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದುದು 1970ರಲ್ಲಿ; 2016ರ ಆವೃತ್ತಿಯ ನಾಲ್ಕನೆಯ ಭಾಗ ಅಗ್ನಿಸುರಕ್ಷತೆಗೇ ಮೀಸಲು. ಆದರೆ ಅದು ಶಿಫಾರಸು. ಸ್ಥಳೀಯ ನಿಯಮಗಳಲ್ಲಿ ಸೇರಿದಾಗಲೇ ಅದಕ್ಕೆ ಬಲ. ಅದರ ಗಮನವೂ ಹೆಚ್ಚಾಗಿ ಕಟ್ಟಡದೊಳಗೆ ಹುಟ್ಟುವ ಬೆಂಕಿಯ ಕಡೆಗೆ. ಪಟ್ಟಣಗಳ ಬೆಳವಣಿಗೆಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವಿದೆ. ಹಳ್ಳಿಯಲ್ಲಿ ಮನೆ ಕಟ್ಟಲು ಅನುಮತಿ ಕೊಡುವ ಅಧಿಕಾರ 1993ರ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ಗ್ರಾಮಪಂಚಾಯತಿಯದು. ಅನುಮತಿ ಕೊಡುವ ಕೈಯೇ ಅಂತರವನ್ನೂ ಅಳೆದರೆ ಕೆಲಸ ಮುಗಿಯಿತು.

ರೈತನ ಆಕ್ಷೇಪಣೆಯನ್ನು ಮಾತ್ರ ಅಲ್ಲಗಳೆಯಲಾಗದು. ಕೊಟ್ಟಿಗೆಯ ಬಳಿ ಮೇವಿದ್ದರೆ ಹೊರುವ ಶ್ರಮ ಕಡಿಮೆ, ಕಳವಿನ ಭಯವೂ ಕಡಿಮೆ. ಆದುದರಿಂದ ನಿಯಮ ಅವನ ದಿನಚರಿಗೆ ಹೊಂದಿಕೊಳ್ಳಬೇಕು. ದಿನಬಳಕೆಗೆ ಬೇಕಾದಷ್ಟು ಹುಲ್ಲು ಮನೆಯ ಬಳಿ ಇರಲಿ. ದೊಡ್ಡ ಬಣವೆಗಳಿಗೆ ಊರಂಚಿನಲ್ಲಿ ಪಂಚಾಯತಿಯೇ ಜಾಗ ಗುರುತಿಸಲಿ. ಬೇಸಗೆಯ ಗಾಳಿ ಅಲ್ಲಿಂದ ಊರ ಕಡೆಗೆ ಬೀಸುವಂತಿರಕೂಡದು. ತಲೆಯ ಮೇಲೆ ವಿದ್ಯುತ್ತಂತಿ ಹಾಯಕೂಡದು. ಅಗ್ನಿಶಾಮಕ ವಾಹನ ಬರುವಷ್ಟು ದಾರಿಯೂ ಒಂದು ನೀರಿನ ತೊಟ್ಟಿಯೂ ಇರಬೇಕು. ಜಾಗವೇ ಇಲ್ಲದ ಹಿತ್ತಲಿನಲ್ಲಿ ಬಣವೆಗೂ ಮನೆಗೂ ನಡುವೆ ಆಳೆತ್ತರಕ್ಕೆ ಮೀರಿದ ಮಣ್ಣಿನ ಗೋಡೆಯಾದರೂ ಏಳಲಿ. ವಿಕಿರಣ ನೇರವಾಗಿ ಚಲಿಸುತ್ತದೆ. ಗೋಡೆಯ ಮರೆಗೆ ಬಿದ್ದುದನ್ನು ಅದು ಸುಡಲಾರದು.

ಇವುಗಳಲ್ಲಿ ಯಾವುದಕ್ಕೂ ದುಬಾರಿಯಾದ ಯಂತ್ರ ಬೇಡ. ಒಂದು ಅಳತೆಯ ಟೇಪು, ಊರ ನಕ್ಷೆ, ಸುಗ್ಗಿಗೆ ಮುಂಚೆ ಕೂಡುವ ಒಂದು ಗ್ರಾಮಸಭೆ, ಇವಿಷ್ಟು ಸಾಕು. ಬೆಂಕಿ ಬಿದ್ದ ಮೇಲೆ ಗಂಗಾವತಿಯಿಂದಲೋ ಕುಷ್ಟಗಿಯಿಂದಲೋ ವಾಹನ ಹೊರಟು ಹಳ್ಳಿಯನ್ನು ಮುಟ್ಟುವ ಮೊದಲೇ ಒಣಹುಲ್ಲು ಉರಿದು ಬೂದಿಯಾಗಿರಬಹುದು. ಬಣವೆಯನ್ನು ಒಟ್ಟುವ ದಿನ ಅಳೆದು ಬಿಟ್ಟ ಹತ್ತು ಮೀಟರು ಮಾತ್ರ ಬೆಂಕಿ ಬಂದ ದಿನ ಅಲ್ಲಿಯೇ ಇರುತ್ತದೆ.