ಬುತ್ತಿ ಬಿಚ್ಚುವ ನೆರಳು

ಅಣ್ಣಿಗೇರಿಯಿಂದ ನವಲಗುಂದದ ಕಡೆ ನಡುಮಧ್ಯಾಹ್ನ ಹೊರಟರೆ ದಾರಿಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಎರಿ ಹೊಲ. ಹಂಗಾಮಿಗೆ ತಕ್ಕಂತೆ ಹೆಸರು, ಹತ್ತಿ, ಕಡಲಿ, ಬಿಳಿಜೋಳ, ಕುಸುಬಿ. ಅಲ್ಲೊಂದು ಇಲ್ಲೊಂದು ಜಾಲಿ. ಹತ್ತಿ ಬಿಡಿಸಲು ಬಂದ ಹೆಣ್ಣುಮಕ್ಕಳು ಊಟದ ಹೊತ್ತಿಗೆ ಎಲ್ಲಿ ಕೂರುತ್ತಾರೆ ಎಂದು ಗಮನಿಸಿದ್ದೀರಾ? ಬೆಳಿಗ್ಗೆ ತಮ್ಮನ್ನು ಹೊತ್ತು ತಂದ ಟ್ರ್ಯಾಕ್ಟರಿನ ಟ್ರೇಲರ್ ಕೆಳಗೆ. ಎರಡು ಗಾಲಿಗಳ ನಡುವೆ ತಲೆ ಬಗ್ಗಿಸಿ ಕೂತು ರೊಟ್ಟಿ ಬುತ್ತಿ ಬಿಚ್ಚುತ್ತಾರೆ. ಮಾತಾಡಿಸಿದರೆ, “ನೆಳ್ಳು ಎಲ್ಲೈತ್ರೀ ಇಲ್ಲಿ, ಗಾಲಿ ಬುಡಕ ಇದ್ದದ್ದ ನೆಳ್ಳು” ಎನ್ನುತ್ತಾರೆ.

ನಿಸರ್ಗ ಮತ್ತು ಆರೋಗ್ಯದ ನಂಟಿನ ಬಗ್ಗೆ ಈಗ ಬರುವ ಬರಹಗಳೆಲ್ಲ ಹೆಚ್ಚಾಗಿ ಪಟ್ಟಣದವರಿಗೆ. ಉದ್ಯಾನಕ್ಕೆ ಹೋಗಿ, ಬಾಲ್ಕನಿಯಲ್ಲಿ ಗಿಡ ಇಡಿ ಎನ್ನುತ್ತವೆ. ಹಳ್ಳಿಯ ಮಾತು ಬಂದರೆ, ಅವರಿಗೇನು ಕೊರತೆ, ನಿಸರ್ಗದ ಮಡಿಲಲ್ಲೇ ಇದ್ದಾರಲ್ಲ ಎಂದು ಮುಂದೆ ಸಾಗುತ್ತವೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ದಿನಕ್ಕೆ ಎಂಟು ತಾಸು ಬಯಲಲ್ಲಿ ದುಡಿಯುವವಳಿಗೆ ಅದೇ ಬಯಲಲ್ಲಿ ಅರ್ಧ ತಾಸು ಬೆನ್ನು ಚಾಚಿ ಕೂರಲು ಜಾಗವಿಲ್ಲದಿದ್ದರೆ ಅವಳಿಗೆ ನಿಸರ್ಗ ದಕ್ಕಿದೆ ಎಂದು ಹೇಗೆ ಹೇಳುವುದು?

ಮೊದಲು ಟ್ರೇಲರಿನ ನೆರಳಿಗೂ ಮರದ ನೆರಳಿಗೂ ಇರುವ ವ್ಯತ್ಯಾಸ ನೋಡೋಣ. ಎರಡೂ ಸೂರ್ಯನನ್ನು ಮರೆಮಾಡುತ್ತವೆ, ನಿಜ. ಆದರೆ ಬಿಸಿ ಬರುವುದು ಮೇಲಿನಿಂದ ಮಾತ್ರವಲ್ಲ. ಶುಭ್ರ ಆಕಾಶದ ಮಧ್ಯಾಹ್ನ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಒಣಗಿದ ಎರಿ ಮಣ್ಣು ಅದರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬರಿಯ ಎರಿ ನೆಲದ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹಾಗೆ ಕಾದ ನೆಲ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆ ಬಿಸಿಯನ್ನು ಸುತ್ತಲೂ ಸೂಸುತ್ತದೆ. ಬಗ್ಗಿ ಕೆಲಸ ಮಾಡುವವರ ಮುಖಕ್ಕೆ, ಎದೆಗೆ ಅದು ನೇರವಾಗಿ ತಟ್ಟುತ್ತದೆ. ಇನ್ನು ಟ್ರೇಲರಿನ ಕಬ್ಬಿಣದ ತಳ. ಬೆಳಿಗ್ಗೆಯಿಂದ ಬಿಸಿಲುಂಡ ಅದು ತಾನೇ ಒಂದು ಹಂಚಿನಂತಾಗಿ ಕೆಳಗೆ ಕೂತವರ ನೆತ್ತಿಯ ಮೇಲೆ ಬಿಸಿ ಸುರಿಯುತ್ತದೆ.

ಮರದ ಎಲೆ ಹೀಗೆ ಕಾಯುವುದಿಲ್ಲ. ಬೇರು ಎಳೆದು ತಂದ ನೀರನ್ನು ಎಲೆಯ ಸೂಕ್ಷ್ಮ ರಂಧ್ರಗಳು ಆವಿಯಾಗಿ ಬಿಡುತ್ತವೆ. ನೀರು ಆವಿಯಾಗಲು ಬೇಕಾದ ಶಾಖ ಎಲೆಯಿಂದಲೇ ಹೋಗುವುದರಿಂದ, ಬಿರುಬಿಸಿಲಲ್ಲೂ ಎಲೆ ಸುತ್ತಲಿನ ಗಾಳಿಯಷ್ಟೇ ಬೆಚ್ಚಗಿರುತ್ತದೆ. ಬೇವಿನ ಮರದ ಕೆಳಗೆ ಉಷ್ಣಮಾಪಕ ಹಿಡಿದರೆ ಗಾಳಿಯ ತಾಪ ಒಂದೆರಡು ಡಿಗ್ರಿಯಷ್ಟೇ ಇಳಿದದ್ದು ಕಾಣಬಹುದು. ಅಷ್ಟಕ್ಕೇ ಇಷ್ಟು ಹಾಯೆನಿಸುವುದೇಕೆ ಎಂದರೆ, ಮೇಲಿನಿಂದ, ಕೆಳಗಿನಿಂದ, ಬದಿಯಿಂದ ಮೈಗೆ ತಾಗುತ್ತಿದ್ದ ಕಿರಣದ ಬಿಸಿ ಅಲ್ಲಿ ಬಹುಪಾಲು ನಿಂತುಹೋಗಿರುತ್ತದೆ. ಬೆವರು ತನ್ನ ಕೆಲಸ ಮಾಡಲು ಅನುವಾಗುತ್ತದೆ, ದುಡಿದು ಏರಿದ ಒಳಮೈಯ ತಾಪ ಮತ್ತೆ 37 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಊಟದ ನಂತರದ ದುಡಿಮೆಗೆ ಮೈ ಅಣಿಯಾಗುವುದು ಈ ಅರ್ಧ ತಾಸಿನಲ್ಲಿ.

ಮನಸ್ಸಿನ ಲೆಕ್ಕ ಬೇರೆಯೇ ಇದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ದಂಪತಿ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ 1989ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಮನಸ್ಸನ್ನು ಬಲವಂತವಾಗಿ ಒಂದೇ ಕೆಲಸದ ಮೇಲೆ ನೆಡುವ ಗಮನ ದಣಿಯುತ್ತದೆ. ಎಲೆಯ ಅಲುಗಾಟ, ನೀರಿನ ತೆರೆ, ಹಾರುವ ಹಕ್ಕಿಯಂಥವು ನಮ್ಮಿಂದ ಏನನ್ನೂ ಬೇಡದೆ ಕಣ್ಣನ್ನು ಸೆಳೆಯುತ್ತವೆ. ಆ ಹೊತ್ತಿನಲ್ಲಿ ದಣಿದ ಗಮನ ಚೇತರಿಸಿಕೊಳ್ಳುತ್ತದೆ. ಹತ್ತಿ ಬಿಡಿಸುವುದನ್ನು ಹತ್ತಿರದಿಂದ ಕಂಡವರಿಗೆ ಈ ಮಾತು ಬೇಗ ಅರ್ಥವಾದೀತು. ಕಾಯಿಯ ಒಣ ತೊಗಟೆ ಬೆರಳಿಗೆ ಚುಚ್ಚದಂತೆ, ಕಸರು ಅರಳೆಗೆ ಹತ್ತದಂತೆ, ಕಾಲಡಿ ಹಾವಿನ ಮೇಲೂ ಒಂದು ಕಣ್ಣಿಟ್ಟು ದಿನವಿಡೀ ಮಾಡುವ ಕೆಲಸ ಅದು. ಹೊಲ ಹಸಿರೇ ಇರಬಹುದು, ಮನಸ್ಸಿಗೆ ಮಾತ್ರ ಅಲ್ಲಿ ಬಿಡುವಿಲ್ಲ.

ಇದಕ್ಕೆ ಸಾಕ್ಷ್ಯವೆಷ್ಟು? 1984ರಲ್ಲಿ ರೋಜರ್ ಉಲ್ರಿಚ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ, ಗೋಡೆ ಕಂಡವರು 8.70 ದಿನಕ್ಕೆ ಮನೆಗೆ ಹೋದರು. ಮೊದಲಿನವರಿಗೆ ಕಡುನೋವಿನ ಔಷಧಿಯೂ ಕಡಿಮೆ ಬೇಕಾಯಿತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ ಮತ್ತೊಂದು ತಂಡ, ವಾರಕ್ಕೆ ಒಟ್ಟು 120 ನಿಮಿಷವಾದರೂ ನಿಸರ್ಗದಲ್ಲಿ ಕಳೆಯುವವರು ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚು ಎಂದು ಕಂಡುಕೊಂಡಿತು. ಇದನ್ನು ಎಚ್ಚರದಿಂದ ಓದಬೇಕು. ಆರೋಗ್ಯ ಚೆನ್ನಾಗಿರುವವರೇ ಹೊರಗೆ ಹೆಚ್ಚು ಅಡ್ಡಾಡುತ್ತಿರಬಹುದಲ್ಲ! ಈ ಅನುಮಾನಕ್ಕೆ ಉತ್ತರ ಕೊಡುವ ಪ್ರಯೋಗವೊಂದಿದೆ. ಅದು ನಮ್ಮ ಕೆರೆಗಳ ಮಾತಿಗೆ ಚೆನ್ನಾಗಿ ಹೊಂದುತ್ತದೆ, ಅಲ್ಲಿ ಹೇಳುತ್ತೇನೆ.

ಧಾರವಾಡ ಜಿಲ್ಲೆ ನಿಸರ್ಗದ ಹಂಚಿಕೆಯಲ್ಲಿ ವಿಚಿತ್ರವಾದದ್ದು. ಪಶ್ಚಿಮದ ಕಲಘಟಗಿ ಮಲೆನಾಡಿನ ಸೆರಗು. ತೇಗದ ಕಾಡು, ಭತ್ತದ ಗದ್ದೆ. ಇಲ್ಲಿಯ ನೀರು ಬೇಡ್ತಿಯಾಗಿ ಹರಿದು ಗಂಗಾವಳಿ ಎಂಬ ಹೆಸರಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಕುಂದಗೋಳ, ನವಲಗುಂದದ ಎರಿ ಸೀಮೆಯ ಮಳೆನೀರು ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಒಂದೇ ಜಿಲ್ಲೆಯ ಮಳೆ ಎರಡು ಕಡಲಿಗೆ ಹೋಗುತ್ತದೆ. ಕಾಡೆಲ್ಲ ಪಶ್ಚಿಮದಲ್ಲಿ, ಫಲವತ್ತಾದ ಮಣ್ಣೆಲ್ಲ ಪೂರ್ವದಲ್ಲಿ. ಎರಿ ಭೂಮಿ ಫಲವತ್ತಾಗಿದ್ದದ್ದೇ ಅಲ್ಲಿಯ ಮರಗಳಿಗೆ ಕುತ್ತಾಯಿತು. ಒಂದು ಗುಂಟೆಯನ್ನೂ ಉಳುಮೆಯಿಂದ ಹೊರಗಿಡಲು ಯಾರಿಗೂ ಮನಸ್ಸಿಲ್ಲ. ಮರದ ನೆರಳಿಗೆ ಪೀಕು ಏಳುವುದಿಲ್ಲವೆಂದು ಬದುವಿನ ಮರ ಹೋಯಿತು. ಟ್ರ್ಯಾಕ್ಟರ್ ತಿರುಗಲು ಅಡ್ಡಿಯೆಂದು ಮೂಲೆಯ ಮರವೂ ಹೋಯಿತು. ಇದರಲ್ಲಿ ರೈತನ ತಪ್ಪೆಷ್ಟು ಎಂದು ಕೇಳಿದರೆ, ಹೆಚ್ಚಿಲ್ಲ ಎನ್ನುತ್ತೇನೆ. ಮಳೆ ನಂಬಿದ ನಾಲ್ಕೆಕರೆಯವನಿಗೆ ಪ್ರತಿ ಸಾಲೂ ಲೆಕ್ಕಕ್ಕೆ ಬರುತ್ತದೆ. ನೆರಳಿನ ಹೊಣೆ ಇದ್ದದ್ದು ಖಾಸಗಿ ಹೊಲದ ಮೇಲಲ್ಲ, ಊರೊಟ್ಟಿನ ಜಾಗದ ಮೇಲೆ.

ಆ ಊರೊಟ್ಟಿನ ಜಾಗಕ್ಕೆ ಈ ಕಡೆ ಗಾಯರಾಣ ಎಂದು ಹೆಸರು. ಹಳೇ ಮೈಸೂರಿನವರು ಗೋಮಾಳ ಎನ್ನುತ್ತಾರೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಹುಲ್ಲುಗಾವಲು ಇರಬೇಕು ಎಂದವು. ಇಷ್ಟು ಉಳಿಸಿಕೊಂಡ ಊರು ಎಷ್ಟಿವೆ? ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣಸೀಮೆಯ 82 ಹಳ್ಳಿಗಳನ್ನು ಅಭ್ಯಸಿಸಿ 1986ರಲ್ಲಿ ಬರೆದಂತೆ, 1950ರ ದಶಕದ ಮೊದಲಿನಿಂದ 1980ರ ದಶಕದ ಮೊದಲಿನವರೆಗೆ ಊರೊಟ್ಟಿನ ಭೂಮಿ ಶೇ. 31ರಿಂದ 55ರಷ್ಟು ಕರಗಿತ್ತು. ಬಡವರ ಮನೆಗಳ ಆದಾಯದಲ್ಲಿ ಶೇ. 14ರಿಂದ 23ರಷ್ಟು ಬರುತ್ತಿದ್ದದ್ದು ಇಂಥ ಭೂಮಿಯಿಂದಲೇ. ಹುಲ್ಲು, ಸೌದೆ, ಹಣ್ಣು, ಸೊಪ್ಪು ಜೋಧಾ ಅವರ ಪಟ್ಟಿಯಲ್ಲಿದ್ದವು. ದನ ಬಿಟ್ಟು ಮರದಡಿ ಕೂತ ಹೊತ್ತಿಗೆ ಬೆಲೆ ಕಟ್ಟುವವರು ಯಾರು!

ಈ ಭೂಮಿಗಾಗಿ ಧಾರವಾಡ ಜಿಲ್ಲೆಯ ಜನ ಒಮ್ಮೆ ಎದ್ದುನಿಂತದ್ದುಂಟು. 1984ರಲ್ಲಿ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಗಿಡ ಬೆಳೆಸುವುದು ಉದ್ದೇಶ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಆಗ ಅದು ಧಾರವಾಡ ಜಿಲ್ಲೆಯೇ. ಜನ ನೀಲಗಿರಿ ಸಸಿ ಕಿತ್ತು ಆ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಕಂಪನಿ ಮುಚ್ಚಿತು. ಆ ಹೋರಾಟದ ಹೆಸರಿನಲ್ಲಿ ‘ಹಚ್ಚಿಕೊ’ ಇದೆಯಲ್ಲ, ಅದು ನನಗೆ ಮುಖ್ಯವಾಗಿ ಕಾಣುತ್ತದೆ. ಜಾಗ ಹಸಿರಾಗಿದ್ದರೆ ಸಾಲದು, ಅದು ಯಾರಿಗೆ ಉಪಯೋಗ ಎಂಬ ಪ್ರಶ್ನೆ ಅದರೊಳಗಿದೆ.

ಗಾಯರಾಣ ಕರಗಿದರೂ ಎರಿ ಸೀಮೆಯವರಲ್ಲಿ ನಿಸರ್ಗವನ್ನು ಹಂಚಿಕೊಳ್ಳುವ ಹಳೆಯ ಪದ್ಧತಿಯೊಂದು ಉಳಿದಿದೆ. ಅದು ಪಂಚಾಂಗದಲ್ಲಿದೆ. ಶೀಗಿ ಹುಣ್ಣಿಮೆಗೆ, ಎಳ್ಳು ಅಮವಾಸ್ಯೆಗೆ ಮನೆಮಂದಿಯೆಲ್ಲ ಚಕ್ಕಡಿ, ಟ್ರ್ಯಾಕ್ಟರ್ ಏರಿ ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಬೆಳೆಗೆಲ್ಲ ಚರಗ ಚೆಲ್ಲಿ, ಕೂತು ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಮೊಸರನ್ನ. ಹೊಲವಿಲ್ಲದವರನ್ನೂ ಕರೆಯುತ್ತಾರೆ; ದಾರಿಹೋಕನಿಗೂ ಎಲೆ ಹಾಕುತ್ತಾರೆ. ವರ್ಷವಿಡೀ ಹೊಲಕ್ಕೆ ದುಡಿಯಲು ಹೋಗುವ ಹೆಣ್ಣುಮಗಳು ಅಂದು ಇಳಕಲ್ ಸೀರೆ ಉಟ್ಟು ಅದೇ ಹೊಲಕ್ಕೆ ಬರಿಗೈಯಲ್ಲಿ, ನೋಡಲು ಹೋಗುತ್ತಾಳೆ. ಕ್ಯಾಪ್ಲನ್ ದಂಪತಿ ಹೇಳಿದ ಬಿಡುವು ಇದೇ. ಪಂಚಮಿಯ ಜೋಕಾಲಿಗೂ ಇದೇ ಗುಣ. ದೊಡ್ಡ ಕೊಂಬೆಯ ಮರವಿಲ್ಲದ ಓಣಿಯಲ್ಲಿ ಅದು ಮನೆಯ ಜಂತಿಗೆ ಬಂದಿದೆ. ಜೀಕುವುದು ಉಳಿದಿದೆ, ಆಕಾಶ ಹೋಗಿದೆ.

ಹಬ್ಬ ವರ್ಷಕ್ಕೆ ಮೂರ್ನಾಲ್ಕು ದಿನ. ಉಳಿದ ದಿನಗಳಿಗೆ ಬಯಲುಸೀಮೆಯ ಊರುಗಳಲ್ಲಿ ಎಲ್ಲರದೂ ಎನ್ನಬಹುದಾದ ನಿಸರ್ಗವೆಂದರೆ ಕೆರೆ. ಅಂತರ್ಜಲ ಉಪ್ಪಾಗಿರುವ ಈ ನೆಲದಲ್ಲಿ ಕೆರೆ ಕುಡಿಯುವ ನೀರೂ ಹೌದು. ನವಲಗುಂದದ ನೀಲಮ್ಮನ ಕೆರೆ ಸಿಹಿನೀರಿಗೆ ಹೆಸರಾದದ್ದು. ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲಕ್ಕೆ ಕೃಷಿ ಹೊಂಡಗಳಾದವು, ಬೆಳೆಗೆ ಆಸರೆಯಾದವು. ಆದರೆ ಹೊಂಡ ಒಬ್ಬರದು, ಪ್ಲಾಸ್ಟಿಕ್ ಹಾಸಿದ ಜಾರುವ ದಂಡೆಯದು. ಮಕ್ಕಳು ಅದರ ಹತ್ತಿರ ಸುಳಿಯದಿರುವುದೇ ಕ್ಷೇಮ. ಕೆರೆಯ ಜಾಗವನ್ನು ಅದು ತುಂಬಲಾರದು. ಇತ್ತ ಎಷ್ಟೋ ಕೆರೆಗಳ ದಂಡೆಯನ್ನು ಬಳ್ಳಾರಿ ಜಾಲಿ ಮುತ್ತಿದೆ. ದೂರದಿಂದ ದಟ್ಟ ಹಸಿರು. ಹತ್ತಿರ ಹೋದರೆ ಮುಳ್ಳು, ಕಸ, ಕಾಲಿಡಲು ದಾರಿಯಿಲ್ಲ. ಸಂಜೆ ಅಲ್ಲಿಗೆ ಹೋಗಲು ಹೆಣ್ಣುಮಕ್ಕಳಿಗೆ ಧೈರ್ಯ ಸಾಲದು.

ಈಗ ಆಗಲೇ ಹೇಳಿದ ಪ್ರಯೋಗಕ್ಕೆ ಬರುತ್ತೇನೆ. ಫಿಲಡೆಲ್ಫಿಯ ನಗರದಲ್ಲಿ ಕಸ ತುಂಬಿ ಪಾಳುಬಿದ್ದ 541 ಜಾಗಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿನ ಜಾಗಗಳಲ್ಲಿ ಕಸ ತೆಗೆದು, ಹುಲ್ಲು ಬೆಳೆಸಿ, ಕೆಲವು ಮರ ನೆಟ್ಟು, ಒಳಗೆ ಹೋಗಿಬರಲು ದಾರಿ ಬಿಟ್ಟು ತಗ್ಗು ಕಟ್ಟಿಗೆ ಬೇಲಿ ಹಾಕಿದರು. ಇನ್ನೊಂದರಲ್ಲಿ ಕಸ ಮಾತ್ರ ತೆಗೆದರು. ಮೂರನೆಯದನ್ನು ಹಾಗೇ ಬಿಟ್ಟರು. ಸುತ್ತಲಿನ ನಿವಾಸಿಗಳನ್ನು ಮೊದಲೂ ಆಮೇಲೂ ಮಾತಾಡಿಸಿದರು. ಏನೂ ಮಾಡದ ಜಾಗಗಳ ಸುತ್ತಲಿನವರಿಗೆ ಹೋಲಿಸಿದರೆ, ಹಸಿರು ಮಾಡಿದ ಕಡೆ ಮನಸ್ಸು ಕುಗ್ಗಿದೆ ಎಂದು ಹೇಳುವುದು ಶೇ. 41.5ರಷ್ಟು ತಗ್ಗಿತು. ಬರೀ ಕಸ ತೆಗೆದಲ್ಲಿ ಅಂಥ ಗುರುತಿಸಬಹುದಾದ ಬದಲಾವಣೆ ಆಗಲಿಲ್ಲ. 2018ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಜಾಗಗಳನ್ನು ಅದೃಷ್ಟಕ್ಕೆ ಬಿಟ್ಟು ಆರಿಸಿದ್ದರಿಂದ, ನೆಮ್ಮದಿಯಿದ್ದವರೇ ಹಸಿರು ಹುಡುಕಿ ಬಂದರು ಎನ್ನುವಂತಿಲ್ಲ. ಅಲ್ಲಿಯ ಬೀದಿ ಬೇರೆ, ಇಲ್ಲಿಯ ಕೆರೆದಂಡೆ ಬೇರೆ, ಒಪ್ಪುತ್ತೇನೆ. ಆದರೂ ಆ ಬೇಲಿಯಲ್ಲಿ ಬಿಟ್ಟ ದಾರಿ ನನ್ನ ಮನಸ್ಸಿನಲ್ಲಿ ಉಳಿದಿದೆ. 2022ರ ಅಮೃತ ಸರೋವರ ಯೋಜನೆ ಜಿಲ್ಲೆಗೆ 75 ಕೆರೆಗಳ ಗುರಿಯಿಟ್ಟು, ದಂಡೆಗೆ ಬೇವು, ಅರಳಿ, ಆಲ ನೆಡಬೇಕೆಂದಿತು. ಹೂಳು ತೆಗೆಯುವ ಲೆಕ್ಕದ ಜೊತೆ ಕೂರುವ ಕಟ್ಟೆಯ, ನಡೆಯುವ ದಾರಿಯ ಲೆಕ್ಕವೂ ಬರೆಯುವಂತಾದರೆ ಎಷ್ಟು ಒಳ್ಳೆಯದು.

ಮಣ್ಣಿನ ಮಾತು ಸ್ವಲ್ಪದರಲ್ಲಿ ಹೇಳುತ್ತೇನೆ. ಫಿನ್ಲೆಂಡಿನಲ್ಲಿ 3ರಿಂದ 5 ವರ್ಷದ 75 ಮಕ್ಕಳ ಅಧ್ಯಯನವೊಂದರಲ್ಲಿ, ಕೆಲವು ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಹಾಸನ್ನೇ ತಂದು ಹಾಕಿದರು. 28 ದಿನಗಳಲ್ಲಿ ಅಲ್ಲಿಯ ಮಕ್ಕಳ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಹದದಲ್ಲಿಡುವ ಗುರುತುಗಳು ಸುಧಾರಿಸಿದವು. ಮಣ್ಣೆತ್ತಿನ ಅಮವಾಸ್ಯೆಗೆ ಎತ್ತು ಮಾಡಿ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಮೊಣಕೈವರೆಗೆ ಕೆಸರಾಗುವ ನಮ್ಮ ಮಕ್ಕಳನ್ನು ಬೈಯುವ ಮುನ್ನ ಇದನ್ನು ನೆನೆಯಬಹುದು. ಒಂದು ಎಚ್ಚರಿಕೆ: ಕುಂದಗೋಳದ ಮೆಣಸಿನಕಾಯಿ ಹೊಲದಂತೆ ಮತ್ತೆಮತ್ತೆ ಔಷಧಿ ಹೊಡೆದ ನೆಲದ ಮಣ್ಣಿಗೆ ಈ ಮಾತು ಸಲ್ಲದು. ಆಟದ ಮಣ್ಣನ್ನು ಔಷಧಿ ಬೀಳದ ಜಾಗದಿಂದಲೇ ತರಬೇಕು.

ಇನ್ನು ನೆರಳು. ಯಾರ ಹೊಲದ ಸಾಲನ್ನೂ ಕೇಳದೆ ಮರ ಬೆಳೆಸಲು ಎರಿ ಸೀಮೆಯಲ್ಲಿ ಜಾಗವಿದೆ. ಊರ ನಕಾಶೆಯಲ್ಲಿ ಗುರುತಾದ ಹೊಲದ ದಾರಿಗಳು, ಹಳ್ಳದ ದಂಡೆ, ಕಾಲುವೆಯ ಏರಿ ಸರ್ಕಾರದವು. ಕಷ್ಟವಿರುವುದು ಮಣ್ಣಿನಲ್ಲಿ. ಎರಿ ಬೇಸಿಗೆಗೆ ಬಿರಿಯುತ್ತದೆ. ಬಿರುಕು ಎಳೆಯ ಬೇರನ್ನು ಹರಿಯುತ್ತದೆ, ಆಳದ ತೇವವನ್ನೂ ಆರಿಸುತ್ತದೆ. ಜೂನ್ ತಿಂಗಳಲ್ಲಿ ನೆಟ್ಟು ಫೋಟೊ ತೆಗೆಸಿಕೊಂಡ ಸಸಿ ಮಾರ್ಚಿಗೆ ಉಳಿಯದಿರುವುದು ಇದರಿಂದ. ಕುಣಿಗೆ ಗೊಬ್ಬರ, ಮಸಾರಿ ಮಣ್ಣು ಬೆರೆಸಿ, ಬುಡಕ್ಕೆ ಕಣಿಕೆ ಹೊದಿಸಿ, ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ನೀರು ಕೊಟ್ಟರೆ ಬೇವು ಕಚ್ಚಿಕೊಳ್ಳುತ್ತದೆ. ಆ ನೀರು ಹೊರುವ ಕೂಲಿಯನ್ನು ಪಂಚಾಯ್ತಿ ಲೆಕ್ಕದಲ್ಲಿ ಬರೆಯಬೇಕು. ಸಸಿ ಎಲ್ಲಿ ನೆಡಬೇಕೆಂದು ಕೇಳಬೇಕಾದದ್ದು ಟ್ರೇಲರಿನಲ್ಲಿ ಬರುವ ಹೆಣ್ಣುಮಕ್ಕಳನ್ನು. ಮಧ್ಯಾಹ್ನದ ಬಿಸಿಲು ಯಾವ ಹಾದಿಯಲ್ಲಿ ಹೆಚ್ಚು ಸುಡುತ್ತದೆಂದು ಅವರಿಗೆ ಗೊತ್ತು. ಬೆಳೆದ ಬೇವೊಂದರ ಕೆಳಗೆ ಹತ್ತು ಹನ್ನೆರಡು ಜನ ಬುತ್ತಿ ಬಿಚ್ಚಿ, ಕಾಲು ಚಾಚಿ ಕೂರಬಹುದು.